ಕೇಳದೆ ಹೇಳದ ಟೀಚರಮ್ಮ

ಟೀಚರಮ್ಮನ ಬಲಗೈ ತೋರುಬೆರಳಿನ ಉಗುರು ನಟ್ಟನಡುವೆ ಸೀಳಿ ಎರಡಾಗಿತ್ತು. ಯಾವುದೋ ಕಾಲದಲ್ಲಿ ಕಾರಿನ ಫ್ಯಾನ್ ಬೆಲ್ಟಿಗೆ ಸಿಕ್ಕಿ ಸೀಳಿದ್ದು ಮತ್ತೆ ಕೂಡಿಕೊಳ್ಳಲೇ ಇಲ್ಲ. ಆ ಬೆರಳನ್ನು ಮುಂದೆ ಮಾಡಿಯೇ ಅವರು ಮಾತನಾಡುತ್ತಿದ್ದರು. ಎದುರಿಗೆ ನಿಂತವನಿಗೆ ಅವರ ಮುಖಕ್ಕಿಂತ ಮೊದಲು ಉಗುರು ಕಾಣುತ್ತಿತ್ತು, ಹಿಂದೆಯೇ ಮಾತು ಬರುತ್ತಿತ್ತು. ಎರಡೂ ಚುಚ್ಚುವಂಥವೇ.

ನೈರೋಬಿಯ ಪಂಗಾನಿ ಬಡಾವಣೆಯಲ್ಲಿ ಅವರದೊಂದು ಹಳೆಯ ಕಲ್ಲಿನ ಮನೆ. ಮಹಡಿಯ ಮೇಲೆ ಅವರೊಬ್ಬರೇ ಇದ್ದರು. ಕೆಳಗೆ ಹಿಂಭಾಗದಲ್ಲಿ ನಾನು, ನನ್ನ ಹೆಂಡತಿ ಬಾಡಿಗೆಗಿದ್ದೆವು. ಟೀಚರಮ್ಮ ಮೈಸೂರಿನವರು. ನೈರೋಬಿಯ ಶಾಲೆಯೊಂದರಲ್ಲಿ ಕೂದಲು ನರೆಯುವವರೆಗೆ ಫಿಸಿಕ್ಸ್ ಹೇಳಿಕೊಟ್ಟು ನಿವೃತ್ತರಾಗಿದ್ದರು. ಗಂಡ ತೀರಿಕೊಂಡಿದ್ದು ನಾವು ಬರುವ ಮೊದಲೇ. "ಒಳ್ಳೆಯವರು. ಪಂಕ್ಚರ್ ಹಾಕೋಕೂ ಬರ್ತಿರಲಿಲ್ಲ," ಎಂದು ಆತನ ಕಥೆಯನ್ನು ಎರಡೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದರು. ದಾರಿಯಲ್ಲಿ ಕಾರು ಕೆಟ್ಟು ನಿಂತಾಗೆಲ್ಲ ಬಾನೆಟ್ ಎತ್ತಿದ್ದು ಇವರೇ. ಹಾಗೆ ಕಲಿತ ವಿದ್ಯೆ ಅದು.

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ತಿಪಟೂರಿನ ಬಸ್ ಸ್ಟ್ಯಾಂಡ್ ಹೋಟೆಲಿನಲ್ಲಿ ಲೋಟ ತೊಳೆದೆ, ಬೆಂಗಳೂರಿನಲ್ಲಿ ದೋಸೆ ಹಾಕಿದೆ, ಇಲ್ಲಿಯ ಒಂದು ಹೋಟೆಲಿಗೆ ಅಡುಗೆಯವನಾಗಿ ಬಂದೆ. ಕೆಲ ವರ್ಷಗಳ ಮೇಲೆ ಸ್ವಂತ ಕೆಲಸಕ್ಕಿಳಿದೆ. ಬೆಂಗಳೂರಿನಿಂದ ಕಂಪನಿ ಕಳಿಸಿದ ಹುಡುಗರು ಇಲ್ಲಿ ತುಂಬಿಹೋಗಿದ್ದ ಕಾಲ ಅದು. ಅವರ ಆಫೀಸುಗಳಿಗೆ ಮಧ್ಯಾಹ್ನದ ಅನ್ನ, ಸಾರು, ಪಲ್ಯ ಒಯ್ಯುತ್ತಿದ್ದೆ. ಯಾರ ಹಂಗೂ ಇರಲಿಲ್ಲ. ಇದ್ದದ್ದು ನನ್ನ ಕೈ, ಹೆಂಡತಿಯ ಕೈ, ಮತ್ತು ಒಂದು ಹಳೆಯ ಬಿಳಿ ಸ್ಟೇಷನ್ ವ್ಯಾಗನ್.

ಗೇಟಿನ ಮೇಲೆ ಬೋರ್ಡು ಹಾಕಿದ ದಿನ ಟೀಚರಮ್ಮ ಮೇಲಿನಿಂದ ಇಣುಕಿ ಓದಿದರು. "ಅಡುಗೆಯವನು ಅಂತ ಬರೆಯೋಕೆ ನಾಚಿಕೆ ಆದ್ರೆ ಕೇಟರಿಂಗ್ ಅಂತ ಬರೀತಾರೆ," ಎಂದರು. ಅಂದಿನಿಂದ ನನ್ನ ಹೆಸರೇ ಹೋಯಿತು. "ಏನಯ್ಯಾ ಕೇಟರಿಂಗು," ಎಂದೇ ಕರೆಯುತ್ತಿದ್ದರು.

ಊರಿನಲ್ಲಿ ನನ್ನ ಅತ್ತೆ ತೀರಿಕೊಂಡಾಗ ನಮಗೆ ಹೋಗಲಾಗಲಿಲ್ಲ. ಹೆಂಡತಿ ಬಟ್ಟೆ ಒಣಹಾಕುವ ತಂತಿಯ ಕೆಳಗೆ ಕೂತು ಅಳುತ್ತಿದ್ದಳು. ಟೀಚರಮ್ಮ ವರಾಂಡದಿಂದಲೇ ಹೇಳಿದರು: "ಸತ್ತವರು ಎಲ್ಲೂ ಓಡಿಹೋಗಲ್ಲ ಕಣಮ್ಮ. ನಿನ್ನ ಅನ್ನ ಸೀದು ಹೋಗ್ತಿದೆ. ಮೊದಲು ಒಲೆ ಆರಿಸು." ಅನ್ನ ನಿಜವಾಗಿಯೂ ಸೀಯುತ್ತಿತ್ತು. ಅವರ ಮಾತಿನಲ್ಲಿ ಸುಳ್ಳು ಇರುತ್ತಿರಲಿಲ್ಲ. ಇದ್ದಿದ್ದರೆ ಕ್ಷಮಿಸುವುದು ಸುಲಭವಾಗುತ್ತಿತ್ತು.

ಸ್ವಂತ ಮಗಳನ್ನೂ ಬಿಡುತ್ತಿರಲಿಲ್ಲ. ಮಗಳು ನಗರದ ಹೊರಭಾಗದ ಗಿಗಿರಿಯ ದೊಡ್ಡ ಆಫೀಸಿನಲ್ಲಿದ್ದಳು, ಮನೆಯೂ ಆ ಕಡೆಯೇ. ಭಾನುವಾರ ಕೇಕ್ ಹಿಡಿದು ಬರುವಳು. ತಾಯಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವಳು. "ಕಿವಿ ನಂದು, ನಾಲಿಗೆ ಮಾತ್ರ ಯಾರಿಗೋ ಬಾಡಿಗೆಗೆ ಕೊಟ್ಟಿದ್ದಾಳೆ," ಎಂದು ಅವಳೆದುರೇ ನಮಗೆ ಹೇಳುವರು. ಅವಳು ಕೇಕ್ ಕತ್ತರಿಸುತ್ತಾ ಕೂರುವಳು.

ಅವರದೊಂದು ನಿಯಮವಿತ್ತು. ಕ್ಲಾಸಿನಿಂದಲೇ ಬಂದದ್ದಂತೆ. ಕೈ ಎತ್ತದವನಿಗೆ ಪಾಠವಿಲ್ಲ. "ಕೇಳದವನಿಗೆ ಹೇಳಿದ್ದು ಚರಂಡಿಗೆ ಸುರಿದ ಹಾಲು," ಎನ್ನುವರು. ಪಕ್ಕದ ಮನೆಯವನು ಗಾಳಿ ಇಳಿದ ಟೈರಿನಲ್ಲಿ ಗೇಟು ದಾಟಿ ಹೋಗುವುದನ್ನು ಕಾಫಿ ಕುಡಿಯುತ್ತಾ ನೋಡುವರು, ಆದರೆ ಕರೆಯುತ್ತಿರಲಿಲ್ಲ. ಇದನ್ನು ಕಂಡು ನಾನೂ ನಕ್ಕಿದ್ದೇನೆ. ನನ್ನ ಸರದಿ ಬರುವವರೆಗೆ.

ಇಲ್ಲಿ ಚಳಿಗಾಲವಾದ ಜುಲೈ ತಿಂಗಳೊಂದರಲ್ಲಿ ನನ್ನ ಕಾರು ಆಯಿಲ್ ಕಾರತೊಡಗಿತು. ಬೆಳಿಗ್ಗೆ ನೋಡಿದರೆ ಅಂಗಳದಲ್ಲಿ ಕಪ್ಪು ಕಲೆ. ಫುಂಡಿ, ಅಂದರೆ ನಮ್ಮ ಮೆಕ್ಯಾನಿಕ್, ಬಂದು ಆಯಿಲ್ ತಡೆಯುವ ಒಂದು ರಬ್ಬರ್ ಸೀಲ್ ಬದಲಿಸಿದ. ಒಂದು ವಾರ ಸುಮ್ಮನಿದ್ದು ಇನ್ನೊಂದು ಕಡೆಯಿಂದ ಒಸರಿತು. ಅಲ್ಲಿಯೂ ಬದಲಿಸಿದ. ಆಮೇಲೆ ಆಯಿಲ್ ಅಳೆಯುವ ಕಡ್ಡಿ ತಾನಾಗಿಯೇ ಮೇಲೆ ಎದ್ದು ನಿಲ್ಲತೊಡಗಿತು. ನಾನು ದಿನಾ ಬೆಳಿಗ್ಗೆ ಅದನ್ನು ಒತ್ತಿ ಕೂರಿಸಿ, ಆಯಿಲ್ ಸುರಿದು, ದೇವರ ಮೇಲೆ ಭಾರ ಹಾಕಿ ಹೊರಡುವುದು. ಮೇಲೆ ವರಾಂಡದಲ್ಲಿ ಟೀಚರಮ್ಮ ಕಾಫಿ ಕುಡಿಯುವುದು.

ಒಸರಿದ ಆಯಿಲ್ ಬಿಸಿ ಸೈಲೆನ್ಸರ್ ಕೊಳವೆಯ ಮೇಲೆ ಬಿದ್ದು ಸುಡುತ್ತಿತ್ತು. ಆ ಹೊಗೆ ಕಾರಿನೊಳಗೆ ಬರುತ್ತಿತ್ತು. ಹಿಂದೆ ಅನ್ನದ ಡಬ್ಬಿಗಳು. ವೆಸ್ಟ್‌ಲ್ಯಾಂಡ್ಸ್‌ನ ಒಂದು ಆಫೀಸು ನನ್ನ ಅರ್ಧ ವ್ಯಾಪಾರ. ಅಲ್ಲಿ ಊಟದ ಉಸ್ತುವಾರಿ ನೋಡುತ್ತಿದ್ದ ಹುಡುಗ, ಜಯನಗರದವನು, ಒಂದು ದಿನ ಸಾರಿನ ಮುಚ್ಚಳ ತೆಗೆದು ನನ್ನ ಮೂಗಿಗೆ ಹಿಡಿದ.

"ಏನಣ್ಣಾ ಇದು? ಗ್ಯಾರೇಜ್ ಒಗ್ಗರಣೆನಾ?"

ಸುತ್ತ ಇದ್ದವರೆಲ್ಲ ನಕ್ಕರು. ಅವನು ನಗಲಿಲ್ಲ. "ಇನ್ನೊಂದು ವಾರ ನೋಡ್ತೀನಿ. ಹಿಂಗೇ ಆದ್ರೆ ಬೇರೆಯವರಿಗೆ ಕೊಡ್ತೀನಿ. ಬೇಜಾರ್ ಮಾಡ್ಕೋಬೇಡಿ," ಎಂದ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. "ರೀ, ಟೀಚರಮ್ಮನ್ನ ಒಂದ್ಸಲ ಕೇಳಿ. ಅವರಿಗೆ ಕಾರಿನ ವಿಷಯ ಗೊತ್ತು," ಎಂದಳು.

"ಸಾಯ್ತೀನಿ ಹೊರತು ಕೇಳಲ್ಲ."

"ನೀವು ಸತ್ರೆ ಬಾಡಿಗೆ ನಾನು ಕಟ್ಟಬೇಕಲ್ಲ," ಎಂದಳು ಅವಳು.

ವಾರ ಕಳೆದು ಶನಿವಾರ ಬಂತು. ಫುಂಡಿ ಕಾರಿನ ಕೆಳಗಿಂದ ಎದ್ದು ಕೈ ಒರೆಸಿಕೊಂಡು ಇಂಜಿನ್ "ಕ್ವಿಶಾ" ಎಂದ. ಮುಗಿಯಿತು ಎಂದು ಅರ್ಥ. ಸೋಮವಾರ ಸರಪಳಿ ತಂದು ಇಂಜಿನ್ನನ್ನೇ ಎತ್ತಿ ಬಿಚ್ಚಬೇಕು, ಬೇರೆ ದಾರಿಯಿಲ್ಲ. ಇಂಜಿನ್ ಇಳಿಸಿದರೆ ಎಷ್ಟು ದಿನ ಊಟ ನಿಲ್ಲುತ್ತದೋ! ನಾನು "ಸವಾ" ಎಂದು ಒಪ್ಪಿ ಅವನನ್ನು ಕಳಿಸಿ ಒಳಗೆ ಬಂದು ಕೂತೆ. ಹೆಂಡತಿ ತಾನೇ ಮೇಲೆ ಹತ್ತಿ ಹೋದಳು. ಹೋದಷ್ಟೇ ಬೇಗ ಇಳಿದು ಬಂದಳು.

"ಏನಂದ್ರು?"

"ಕಾರು ನಿಂದಲ್ಲ, ಕೇಳಬೇಕಾದವನು ಕೆಳಗೆ ಕೂತಿದ್ದಾನೆ ಅಂದ್ರು."

ನಾನು ಮೇಲೆ ಹತ್ತಿದೆ. ಹೋಟೆಲಿನಲ್ಲಿ ಯಜಮಾನ ಕಪಾಳಕ್ಕೆ ಹೊಡೆದಾಗಲೂ ನನ್ನ ಕಾಲು ಅಷ್ಟು ಭಾರವಾಗಿರಲಿಲ್ಲ. ಟೀಚರಮ್ಮ ಕಾಫಿ ಕುಡಿಯುತ್ತಿದ್ದರು. ಕೂರು ಎನ್ನಲಿಲ್ಲ. ಲೋಟದ ತಳದ ಗಷ್ಟು ಬರುವವರೆಗೆ ನಿಧಾನವಾಗಿ ಕುಡಿದರು. ಆಮೇಲೆ ಬೆರಳು ನನ್ನ ಕಡೆ ತಿರುಗಿತು.

"ಏನು?"

"ಕಾರು ಟೀಚರಮ್ಮ..."

"ಕಾರು ನಾನೂ ನೋಡಿದ್ದೀನಿ. ಏನು?"

"ಏನಾಗಿದೆ ಅಂತ ಗೊತ್ತಾಗ್ತಿಲ್ಲ."

"ಯಾರಿಗೆ?"

"ನಂಗೆ."

"ಅದಕ್ಕೆ?"

"ಹೇಳಿಕೊಡಿ."

"ಇಷ್ಟು ಹೇಳೋಕೆ ಒಂದೂವರೆ ತಿಂಗಳು ತಗೊಂಡೆ," ಎಂದು ಎದ್ದರು. "ನಡಿ. ಮಾಡೋದು ನೀನೇ. ನಾನು ಮುಟ್ಟಲ್ಲ."

ಅಂಗಳಕ್ಕೆ ಇಳಿದು ಇಂಜಿನ್ ಶುರು ಮಾಡಿಸಿದರು. ಮೇಲಿನ ಆಯಿಲ್ ಮುಚ್ಚಳ ತೆಗೆ ಎಂದರು. ತೆಗೆದದ್ದೇ ಬುಸ್ಸೆಂದು ಹೊಗೆ, ಆಯಿಲಿನ ಹನಿಗಳ ಸಮೇತ ನನ್ನ ಮುಖಕ್ಕೆ ಹೊಡೆಯಿತು. ಹೀಗಾಗುತ್ತದೆಂದು ಅವರಿಗೆ ಗೊತ್ತಿತ್ತು. ಎರಡು ಹೆಜ್ಜೆ ಹಿಂದೆಯೇ ನಿಂತಿದ್ದರು.

"ಗೊತ್ತಾಯ್ತಾ? ಒಳಗೆ ಹೊಗೆ ತುಂಬಿದೆ. ಅದು ಹೊರಗೆ ಹೋಗೋಕೆ ಒಂದು ದಾರಿ ಇಟ್ಟಿದ್ದಾರೆ. ಆ ದಾರಿ ಕಟ್ಟಿಕೊಂಡಿದೆ. ಅದಕ್ಕೇ ಆಯಿಲ್‌ನ ಸಿಕ್ಕಿದ ಕಡೆಯಿಂದೆಲ್ಲ ನೂಕ್ತಿದೆ. ನೀವು ಒಂದು ತೂತು ಮುಚ್ಚಿದ್ರಿ, ಅದು ಇನ್ನೊಂದು ಹುಡುಕ್ತು. ಇಂಜಿನ್‌ಗೆ ಏನೂ ಆಗಿಲ್ಲ."

ಆ ದಾರಿಗೆ ಬ್ರೀದರ್ ಎನ್ನುತ್ತಾರಂತೆ. ಇಂಜಿನ್ನಿನ ತಲೆಯಿಂದ ಹೊರಟು ಒಂದು ಸಣ್ಣ ತಗಡಿನ ಡಬ್ಬಿಗೆ ಹೋಗುವ ದಪ್ಪ ರಬ್ಬರ್ ಪೈಪು. ಇಷ್ಟು ದಿನ ಕಣ್ಣೆದುರೇ ಇತ್ತು. ಇಂಜಿನ್ ಆರಿಸಿ, ತಣಿಯಲು ಬಿಟ್ಟು, ಪೈಪು ಕಳಚಿದೆ. ಒಳಗೆ ಕೊಳೆತ ಬೆಣ್ಣೆಯಂಥದ್ದು, ಹಳದಿ, ಗಟ್ಟಿಯಾಗಿ ಕೂತಿತ್ತು.

"ಬೆಳಿಗ್ಗೆ ತರಕಾರಿಗೆ ನ್ಗಾರಾ ಮಾರ್ಕೆಟ್ಟಿಗೆ ಹೋಗ್ತೀಯ, ಬಂದು ಆರಿಸ್ತೀಯ. ಮತ್ತೆ ಮೊಸರಿಗೆ ಹೋಗ್ತೀಯ, ಬಂದು ಆರಿಸ್ತೀಯ. ಈ ಚಳಿಯಲ್ಲಿ ಇಂಜಿನ್ ಸರಿಯಾಗಿ ಬಿಸಿಯಾಗೋದೇ ಇಲ್ಲ. ಒಳಗಿನ ನೀರಿನ ಪಸೆ ಆಯಿಲ್ ಜೊತೆ ಸೇರಿ ಹಿಂಗೆ ಆಗುತ್ತೆ. ಸೀಮೆಎಣ್ಣೆ ತಾ. ತೊಳೆಯೋಕೆ ಪಾತ್ರೆ ತಾ. ಆ ದೊಡ್ಡ ಸಾರಿನ ಪಾತ್ರೆ ಇದೆಯಲ್ಲ, ಅದೇ ತಾ."

ಹೆಂಡತಿ ನನ್ನ ಮುಖ ನೋಡಿದಳು. ನಾನು ಹೋಗಿ ಹಳೆಯ ಪೇಂಟ್ ಡಬ್ಬಿ ತಂದಿಟ್ಟೆ.

"ಪರವಾಗಿಲ್ಲ. ಅಷ್ಟು ಬುದ್ಧಿ ಇದೆ," ಎಂದರು ಟೀಚರಮ್ಮ.

ತಗಡಿನ ಡಬ್ಬಿಯೊಳಗೆ ಪಾತ್ರೆ ಉಜ್ಜುವ ತಂತಿಯಂಥ ಒಂದು ಜಾಲರಿ ಇತ್ತು, ಕರಿ ಹಿಡಿದು ಕಲ್ಲಾಗಿತ್ತು. ಸೀಮೆಎಣ್ಣೆಯಲ್ಲಿ ನೆನೆಹಾಕಿದೆ, ಉಜ್ಜಿದೆ, ಮತ್ತೆ ನೆನೆಹಾಕಿದೆ. ಪೈಪಿನೊಳಗೆ ಬಟ್ಟೆ ಸುತ್ತಿದ ಕಡ್ಡಿ ಆಡಿಸಿದೆ. "ಊದು," ಎಂದರು. ಬಾಯಿಟ್ಟು ಊದಿದೆ. ಸೀಮೆಎಣ್ಣೆ ನಾಲಿಗೆಗೆ ಬಂತು. "ಸಾಲದು, ಇನ್ನೊಮ್ಮೆ ತೊಳಿ." ಮತ್ತೆ ತೊಳೆದೆ, ಮತ್ತೆ ಊದಿದೆ. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ನೋಡುತ್ತಿದ್ದರು. ಬಿಸಿಲಿಗೆ ಒಣಗಿಸಿ, ಎಲ್ಲ ಜೋಡಿಸಿ, ಇಂಜಿನ್ ಶುರು ಮಾಡಿ ಮುಚ್ಚಳ ತೆಗೆದೆ. ಹೊಗೆ ಬರಲಿಲ್ಲ. ಕಡ್ಡಿ ಕೂತಲ್ಲೇ ಕೂತಿತ್ತು.

"ನಿಮಗೆ ಇದು ಯಾವಾಗ ಗೊತ್ತಾಯ್ತು ಟೀಚರಮ್ಮ?"

"ಎರಡನೇ ಸೀಲ್ ಹಾಕಿದನಲ್ಲ, ಆವತ್ತೇ."

"ಒಂದು ಮಾತು ಹೇಳಬಾರದಿತ್ತಾ?"

"ನೀನು ಕೇಳಲಿಲ್ಲ," ಎಂದು ಮೆಟ್ಟಿಲು ಹತ್ತಿದರು.

ಸೋಮವಾರ ಕಾರು ಹೂವಿನಂತೆ ಓಡಿತು. ವೆಸ್ಟ್‌ಲ್ಯಾಂಡ್ಸ್‌ಗೆ ಹೋಗಿ ಡಬ್ಬಿ ಇಳಿಸುತ್ತಿದ್ದೆ. ಜಯನಗರದ ಹುಡುಗ ಕೆಳಗೇ ಬಂದು ತಡೆದ. ಶುಕ್ರವಾರವೇ ಬೇರೆಯವರಿಗೆ ಕೊಟ್ಟಾಗಿತ್ತು. ನನಗೆ ಹೇಳುವುದು ಮರೆತುಹೋಗಿತ್ತಂತೆ. ಅಷ್ಟೂ ಅನ್ನವನ್ನು ವಾಪಸ್ ತಂದೆ.

ನೇರ ಮೇಲೆ ಹೋಗಿ ಬಾಯಿಗೆ ಬಂದದ್ದೆಲ್ಲ ಅಂದೆ. ನಿಮ್ಮ ಒಂದು ಮಾತಿಗೆ ನನ್ನ ಅನ್ನ ಉಳಿಯುತ್ತಿತ್ತು, ನೋಡಿಕೊಂಡು ಕೂತಿರಿ, ನಿಮಗೆ ಕರುಳಿಲ್ಲ ಎಂದೆ. ಕೇಳಿಸಿಕೊಂಡರು. ದನಿ ಏರಿಸಲಿಲ್ಲ.

"ಆ ಹುಡುಗನ್ನ ಕೇಳಿದ್ಯಾ?"

"ಏನು ಕೇಳೋದು?"

"ಇನ್ನೊಂದು ದಿನ ಕೊಡು, ಕಾರು ಸರಿಯಾಗಿದೆ ಅಂತ."

"ಇಲ್ಲ. ಡಬ್ಬಿ ಎತ್ಕೊಂಡು ಬಂದೆ."

"ಹಂಗಾದ್ರೆ ನನ್ನ ಕರುಳು ಹುಡುಕಬೇಡ. ಹೋಗು."

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮರುದಿನ ವೆಸ್ಟ್‌ಲ್ಯಾಂಡ್ಸ್‌ಗೆ ಕೇಳಲು ಹೋದೆ. ರಿಸೆಪ್ಷನ್ನಿನಲ್ಲಿ ಅರ್ಧ ದಿನ ನಿಲ್ಲಿಸಿ ಆಗಲ್ಲ ಎಂದರು. ಸಂಜೆ ಗೇಟಿನಲ್ಲೇ ಟೀಚರಮ್ಮನ ದನಿ ಕೇಳಿತು. "ಕೇಳಿದ್ಯಾ?" ಕೇಳಿದೆ, ಇಲ್ಲ ಅಂದ್ರು ಎಂದೆ. "ನಾಳೆ ಇನ್ನೊಬ್ಬರನ್ನ ಕೇಳು." ಹೀಗೆ ಎಷ್ಟೋ ಸಂಜೆ. ಒಂದೊಂದು 'ಇಲ್ಲ'ವನ್ನೂ ನನ್ನ ಬಾಯಿಂದಲೇ ಹೇಳಿಸಿ, ಕೇಳಿಸಿಕೊಂಡು, ಒಳಗೆ ಹೋಗುವರು. ಒಂದು ಸಲವಾದರೂ ಪಾಪ ಎಂದವರಲ್ಲ. ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆ ಹೂಂ ಎಂದಿತು. ಆಮೇಲೆ ಗಿಗಿರಿಯ ಒಂದು ಆಫೀಸು ಒಪ್ಪಿತು. ಆ ಸಂಜೆ ಓಡಿ ಬಂದು ಹೇಳಿದೆ. "ಸರಿ. ಹೊತ್ತಿಗೆ ಸರಿಯಾಗಿ ಕೊಡು," ಎಂದರು. ಅಷ್ಟೇ.

ಈಗ ನನ್ನ ಕೈಕೆಳಗೆ ನಾಲ್ಕು ಜನ ಕೆಲಸ ಮಾಡುತ್ತಾರೆ. ಇದೆಲ್ಲ ಆ ಸಂಜೆಗಳಿಂದ ಬಂದದ್ದು. ಆದರೂ ಆ ಒಂದೂವರೆ ತಿಂಗಳನ್ನು ನಾನು ಕ್ಷಮಿಸಿಲ್ಲ. ಋಣ ಬೇರೆ, ಕ್ಷಮೆ ಬೇರೆ.

ಕೆಲ ವರ್ಷಗಳ ಮೇಲೆ ಅವರ ಮಂಡಿ ಹೋಯಿತು, ಹೃದಯವೂ ದುರ್ಬಲವಾಯಿತು. ಮೆಟ್ಟಿಲು ಹತ್ತಿ ಇಳಿಯಲಾಗದೆಂದು ಮಗಳು ತನ್ನ ಮನೆಗೆ ಕರೆದುಕೊಂಡು ಹೋದಳು. ಗಿಗಿರಿಯ ಆಫೀಸಿಗೆ ಊಟ ಒಯ್ಯುವಾಗ ದಾರಿಯಲ್ಲಿ ಅವರಿಗೂ ಒಂದು ಡಬ್ಬಿ ಕೊಟ್ಟು ಹೋಗುತ್ತಿದ್ದೆ. ತಿನ್ನುವರು, ಉಪ್ಪು ಹೆಚ್ಚು ಎನ್ನುವರು, ಡಬ್ಬಿ ಖಾಲಿ ಮಾಡುವರು.

ಒಂದು ದಿನ ಡಬ್ಬಿ ಮುಟ್ಟಲಿಲ್ಲ. ಕುರ್ಚಿಯ ಹಿಡಿಯನ್ನೇ ನೋಡುತ್ತಾ ಕೂತಿದ್ದರು.

"ನನ್ನನ್ನ ಪಂಗಾನಿಗೆ ಕರ್ಕೊಂಡು ಹೋಗ್ತೀಯಾ? ಈಗಲೇ. ಮನೆ ನೋಡಬೇಕು."

ಅವರು ಯಾರನ್ನಾದರೂ ಏನನ್ನಾದರೂ ಕೇಳಿದ್ದನ್ನು ನಾನು ಕಂಡಿದ್ದು ಅದೊಂದೇ ಸಲ. ಮಗಳು ಆಫೀಸಿನಲ್ಲಿದ್ದಳು, ಮನೆಯಲ್ಲಿ ಕೆಲಸದವಳು ಮಾತ್ರ. ಹೊರಗೆ ಕಾರಿನಲ್ಲಿ ಇಡೀ ಆಫೀಸಿನ ಊಟ. ಪಂಗಾನಿಗೆ ಹೋಗಿ ಬರುವಷ್ಟರಲ್ಲಿ ಆಫೀಸಿನವರ ಊಟದ ಹೊತ್ತು ದಾಟಿಹೋಗುತ್ತಿತ್ತು.

"ಊಟ ಇಳಿಸಿ ಬರ್ತೀನಿ ಟೀಚರಮ್ಮ. ಎರಡು ಗಂಟೆಗೆ ಇಲ್ಲಿರ್ತೀನಿ."

"ಹೋಗು ಹೋಗು. ಒಂದು ಆಫೀಸು ಕಳ್ಕೊಂಡಿದ್ದೀಯ, ಸಾಕು," ಎಂದರು.

ಹೇಳಿದಂತೆ ಎರಡು ಗಂಟೆಗೆ ಬಂದೆ. ಅಷ್ಟರಲ್ಲಿ ಕೆಲಸದವಳು ಫೋನ್ ಮಾಡಿ ಮಗಳನ್ನು ಕರೆಸಿದ್ದಳು. ಮಗಳು ಗೇಟಿನಲ್ಲೇ ತಡೆದಳು. "ನೋ ಅಂಕಲ್, ಪ್ಲೀಸ್. ಮಮ್ಮಿಗೆ ಸುಸ್ತು. ಶಿ ಈಸ್ ಸ್ಲೀಪಿಂಗ್." ನಾನು ಕೇಳಿದೆ. ಎರಡು ಸಲ ಕೇಳಿದೆ. ಆಗಲ್ಲ ಎಂದಳು.

ಮರುದಿನ ಬೆಳಗಿನ ಜಾವ ತೀರಿಕೊಂಡರು. ಗಿಗಿರಿಯಿಂದ ನೇರ ಸ್ಮಶಾನಕ್ಕೇ ಒಯ್ದರು. ಪಂಗಾನಿಯ ಮನೆಯ ಮುಂದೆ ಗಾಡಿ ನಿಲ್ಲಿಸಲಿಲ್ಲ.

ನಾನು ಮಾಡಿದ್ದು ತಪ್ಪೆಂದು ಯಾರಾದರೂ ಅಂದರೆ ಒಪ್ಪುವುದಿಲ್ಲ. ಟೀಚರಮ್ಮನೂ ಒಪ್ಪುತ್ತಿರಲಿಲ್ಲ. ಆ ದಿನ ಊಟ ಹೊತ್ತಿಗೆ ಸರಿಯಾಗಿ ತಲುಪಿತು. ಸಾರು ಬಿಸಿಯಾಗಿಯೇ ಇತ್ತು. ಯಾರೂ ದೂರಲಿಲ್ಲ.