ಕಣ್ಣು ಮುಚ್ಚಿ ಕೂತಿದ್ದ ಅಜ್ಜಿ

ಶಾಂತಿಗ್ರಾಮದ ಬಸ್ ನಿಲ್ದಾಣದಲ್ಲಿ ಗೋಡೆಗೊರಗಿ ಕೂತಿದ್ದ ಅಜ್ಜಿಯೊಬ್ಬರು ಕಣ್ಣು ಮುಚ್ಚಿ, ಅಲುಗಾಡದೆ ಇದ್ದರು. ಪ್ರಜ್ಞೆ ತಪ್ಪಿರಬೇಕೆಂದು ಗಾಬರಿಯಾಗಿ, ನನ್ನ ಬಾಟಲಿಯ ನೀರನ್ನು ಅವರ ಮುಖಕ್ಕೆ ಚಿಮುಕಿಸಿಬಿಟ್ಟೆ.

ಅಜ್ಜಿ ಬೆಚ್ಚಿ ಕಣ್ಣು ಬಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕರು. "ನಂಗೇನೂ ಆಗಿಲ್ಲ ಕಣವ್ವ. ಬಸ್ಸು ಬರೋಗಂಟ ಉಸ್ರು ನೋಡ್ಕಂಡು ಸುಮ್ನೆ ಕುಂತಿದ್ದೆ. ನಮ್ಮ ಯಜಮಾನ್ರು ತೀರ್ಕಂಡ್ಮೇಲೆ ಎದೆ ಕುದೀತಿತ್ತು. ದಿನಾ ಇಂಗೆ ಕುಂತೂ ಕುಂತೂ ವಸಿ ತಣ್ಗಾಯ್ತು."

ಹಾಸನದವರೆಗೂ ಬಸ್ಸಿನಲ್ಲಿ ನನಗೆ ಅಪ್ಪನದೇ ನೆನಪು. ಸಾಲಗಾಮೆಯ ನಮ್ಮ ಮನೆಯಲ್ಲಿ ಅವರು ಹೊಲಕ್ಕೆ ಹೊರಡುವ ಮೊದಲು ಬುದ್ಧನ ಪಟದ ಮುಂದೆ ಗೋಣಿಚೀಲ ಹಾಸಿಕೊಂಡು ಹೀಗೆಯೇ ಕೂರುತ್ತಿದ್ದರು. ನಾನು ಬೆನ್ನೇರಿ ಕಿವಿ ಹಿಡಿದೆಳೆದರೂ ಕಣ್ಣು ತೆರೆಯುತ್ತಿರಲಿಲ್ಲ. ತುಟಿ ಮಾತ್ರ ನಗುತ್ತಿತ್ತು.

ಮರುದಿನ ಬೆಳಿಗ್ಗೆ ಒಲೆ ಹಚ್ಚುವ ಮೊದಲು ನಾನೂ ಕಣ್ಣು ಮುಚ್ಚಿ ಕೂತೆ. ಮಕ್ಕಳ ಡಬ್ಬಿ, ಆಫೀಸು ಎಂದು ಮನಸ್ಸು ಓಡುತ್ತಲೇ ಇತ್ತು. ಎಳೆದು ತಂದು ಮತ್ತೆ ಉಸಿರಿನ ಮೇಲೆ ಕೂರಿಸಿದೆ. ಆಗ, ಹೋದ ವರ್ಷ ಅಪ್ಪ ತೀರಿಕೊಂಡಾಗಲೂ ಬಾರದ ಅಳು ಉಕ್ಕಿ ಬಂತು.

ಈಗ ದಿನವೂ ಕೂರುತ್ತೇನೆ. ನೋಡಲಾಗದೆ ಬೀರುವಿನಲ್ಲಿ ಮುಚ್ಚಿಟ್ಟಿದ್ದ ಅಪ್ಪನ ಫೋಟೊವನ್ನು ಮೊನ್ನೆ ಹೊರತೆಗೆದು, ಒರೆಸಿ, ನಡುಮನೆಯ ಗೋಡೆಗೆ ತೂಗುಹಾಕಿದೆ.