ಪಂಕ್ ರಾಕೂ ಕಾರ್ಯದರ್ಶಿಗಳ ಸಂಸ್ಕೃತಿಯೂ

ಮಿತ್ರರೇ, ಕೊಟ್ಟೂರಿನ ನಮ್ಮ ಬಡಾವಣೆಯ ಸಂಘದ ಕಾರ್ಯದರ್ಶಿ ಬಸವರಾಜಪ್ಪನವರು ಮಧ್ಯಾಹ್ನ ಫೇಸ್‌ಬುಕ್ಕಿನಲ್ಲಿ ಬರೆದುಕೊಂಡಿರುವಂತೆ, ನಾನು ಇಂದು ಸಮುದಾಯ ಭವನದಿಂದ ಯಾವ 'ಗಾಂಜಾ ಗ್ಯಾಂಗ'ನ್ನೂ ಓಡಿಸಿಲ್ಲ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತದ್ದು ನಿಜ. ಅದು ಕಾರ್ಯದರ್ಶಿಗಳು ಭವನಕ್ಕೆ ಬೀಗ ಹಾಕದಿರಲೆಂದು.

ಒಳಗೆ ನನ್ನ ಹಳೆಯ ವಿದ್ಯಾರ್ಥಿನಿ, ಮೆಕ್ಯಾನಿಕ್ ರಫೀಕರ ಮಗಳು ಶಾಹೀನ್, ಗೆಳೆಯರೊಂದಿಗೆ ಸಂಜೆಯ ಕಾರ್ಯಕ್ರಮಕ್ಕಾಗಿ ಪಂಕ್ ರಾಕ್ ಅಭ್ಯಾಸ ಮಾಡುತ್ತಿದ್ದಳು. ಆ ಸಂಗೀತ ನನ್ನ ಕಿವಿಗೆ ತಗಡಿನ ಮೇಲೆ ಜಲ್ಲಿ ಸುರಿದಂತಿತ್ತು. ಅದು ಬೇರೆ ಮಾತು.

"ಟೀಚರ್, ಆಕಿ ಜಾಕೆಟ್ ತುಂಬ ಪಿನ್ನು ಚುಚ್ಚ್ಯಾಳ, ಅರ್ಧ ತಲಿ ಬೋಳಿಸ್ಯಾಳ. ಇದು ನಮ್ಮ ಸಂಸ್ಕೃತಿ ಏನ್ರಿ?" ಎಂದರು ಕಾರ್ಯದರ್ಶಿಗಳು.

"ನಿಮ್ಮ ಮಗನ ಮದುವಿ ಡೀಜೆಗೆ ಇದೇ ಭವನದ ಗಾಜು ಒಡೀತಲ್ರಿ, ಅದು ಯಾರ ಸಂಸ್ಕೃತಿ?" ಎಂದೆ.

ಒಳಗಿನಿಂದ ಶಾಹೀನ್ ಕೂಗಿದಳು: "ಅವ್ರಿಗೆ ಚುಚ್ಚಿದ್ದು ಪಿನ್ನಲ್ರಿ ಟೀಚರ್, ಹಾಡು."

ಹಾಡಿನ ಪಲ್ಲವಿ ಇಷ್ಟೇ: "ಕುಡಿಯಾಕ ನೀರಿಲ್ಲ, ಕಾರ್ಯದರ್ಶಿ ಕಾರಿಗೈತಿ." ನಮ್ಮ ನಲ್ಲಿಗಳು ಒಣಗಿರುವ ಈ ವಾರವೂ ಅವರ ಕಾರು ದಿನವೂ ಮೀಯುತ್ತಿದೆ. ಈ ಪಲ್ಲವಿಯನ್ನು ಅವರು 'ಅಶ್ಲೀಲ' ಎಂದು ಬರೆದಿದ್ದಾರೆ. ಪದವನ್ನು ಬಳಸುವ ಮುನ್ನ ಅದರ ಅರ್ಥ ತಿಳಿದಿರಬೇಕು.

ಬೀಗ ಬೀಳಲಿಲ್ಲ. ಕಾರ್ಯಕ್ರಮ ಸಂಜೆ ನಡೆದೇ ನಡೆಯುತ್ತದೆ.

ಬಡಾವಣೆಯ ಒಬ್ಬರೂ ಆ ಹಾಡನ್ನು ಮೆಚ್ಚಲಿಲ್ಲವೆಂದೂ ಅವರು ಬರೆದಿದ್ದಾರೆ. ಆದ್ದರಿಂದ ಅಭ್ಯಾಸದ ವೇಳೆ ನನ್ನೊಡನೆ ಹಾಜರಿದ್ದವರ ಹೆಸರು ಕೊಡುತ್ತಿದ್ದೇನೆ: ಅಂಗನವಾಡಿಯ ನಿಂಗಮ್ಮ, ದರ್ಜಿ ಖಾಸಿಂ ಸಾಹೇಬರು, ಕಿರಾಣಿ ಅಂಗಡಿಯ ಹಾಲಪ್ಪ ಮತ್ತು ಪಲ್ಲವಿಗೆ ಎಲ್ಲರಿಗಿಂತ ಗಟ್ಟಿಯಾಗಿ ದನಿಗೂಡಿಸಿದ ಶ್ರೀಮತಿ ಸುಜಾತಾ ಬಸವರಾಜಪ್ಪನವರು.