ಹಾಲಿನ ಮೇವಿಸ್‌ಳ ಸದ್ದಿಲ್ಲದ ದೋಣಿ

ಬ್ರಿಗ್‌ಶಾ ಊರಿನ ಗಿರಣಿ ಕೆರೆಯಲ್ಲಿ ಭಾನುವಾರ ಬೆಳಿಗ್ಗೆ ಆಟದ ದೋಣಿಗಳ ರೇಸು ನಡೆಸುವ ನಮಗೆ ಎರಡು ಕಂಟಕಗಳಿದ್ದವು. ಒಂದು ಬಾತುಕೋಳಿ, ಇನ್ನೊಂದು ಚಾಪೆಲ್ಲು. ಬಾತುಕೋಳಿಗಳ ಜೊತೆ ಬ್ರೆಡ್ಡಿನ ಚೂರು ಎಸೆದು ಒಪ್ಪಂದಕ್ಕೆ ಬರಬಹುದಿತ್ತು. ಚಾಪೆಲ್ಲಿನವರು ಬ್ರೆಡ್ಡಿಗೆ ಬಗ್ಗುವ ಜನವಲ್ಲ. ಕೆರೆಯ ಆಚೆ ದಡಕ್ಕೇ ಅವರ ಪ್ರಾರ್ಥನಾ ಮಂದಿರ. ಅಲ್ಲಿ ಪ್ರಾರ್ಥನೆ ಮುಗಿದು ಬಾಗಿಲು ತೆರೆಯುವ ತನಕ ಈಚೆ ದಡದಲ್ಲಿ ಒಂದು ಎಂಜಿನ್ನೂ ಕೆಮ್ಮಕೂಡದು, ಒಬ್ಬ ಮನುಷ್ಯನೂ ಕೂಗಕೂಡದು ಎಂದು ನಮ್ಮ ಅಜ್ಜಂದಿರ ಕಾಲದಲ್ಲೇ ಮಾತಾಗಿತ್ತು.

ಹೀಗಾಗಿ ಕ್ಲಬ್ಬಿನ ಮಹಾರಥಿಗಳೆಲ್ಲ ತಮ್ಮ ಪುಟ್ಟ ಪೆಟ್ರೋಲ್ ದೋಣಿಗಳನ್ನು ಹಸುಗೂಸಿನಂತೆ ಎದೆಗವಚಿಕೊಂಡು, ತಗಡಿನ ಶೆಡ್ಡಿನ ಮುಂದೆ ಮೌನವಾಗಿ ನಿಂತು ಚಹಾ ಕುಡಿಯುತ್ತಿದ್ದರು. ಆ ಚಹಾ ಮಾಡಿಕೊಡುತ್ತಿದ್ದವಳು ಮೇವಿಸ್ ಎಂಟ್‌ವಿಸಲ್. ಈ ಕಥೆ ಅವಳದು.

ಮೇವಿಸ್ ಹಾಲಿನವಳು. ಊರು ಕಣ್ಣು ಬಿಡುವ ಮೊದಲೇ ಬ್ಯಾಟರಿ ಗಾಡಿಯಲ್ಲಿ ಹಾಲಿನ ಬಾಟಲಿಗಳನ್ನು ಹೇರಿಕೊಂಡು ಬೀದಿಬೀದಿ ಸುತ್ತಿ, ಮನೆಮನೆಯ ಹೊಸ್ತಿಲಲ್ಲಿ ಇಟ್ಟು ಬರುವುದು ಅವಳ ಕಸುಬು. ಹಾಲಿನ ಗಾಡಿಗೆ ಸದ್ದೆಂಬುದಿಲ್ಲ. ಬಾಟಲಿಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುವುದಷ್ಟೇ. ಯಾರ ಮನೆಯ ನಾಯಿಯನ್ನೂ ಎಬ್ಬಿಸದೆ ಇಡೀ ಊರನ್ನು ಗೆದ್ದು ಬರುವ ಈ ದಿಗ್ವಿಜಯವನ್ನು ಅವಳು ವರ್ಷವಿಡೀ ಮಾಡುತ್ತಿದ್ದಳು. ಗುಡ್ಡದ ಬೀದಿ ಹತ್ತುವಾಗ ಬ್ಯಾಟರಿಯನ್ನು ಹೇಗೆ ಪುಸಲಾಯಿಸಬೇಕು, ಇಳಿಜಾರಿನಲ್ಲಿ ಅದಕ್ಕೆ ಎಲ್ಲಿ ಉಸಿರಾಡಲು ಬಿಡಬೇಕು ಎಂಬುದೆಲ್ಲ ಅವಳಿಗೆ ಗಂಡನ ಸ್ವಭಾವಕ್ಕಿಂತ ಚೆನ್ನಾಗಿ ಗೊತ್ತಿತ್ತು.

ಗಂಡ ಪರ್ಸಿ ಪೆಟ್ರೋಲ್ ಪಂಗಡದವನು. ಅವನ ಕೋಟು, ಟೋಪಿ, ದಿಂಬು, ಎಲ್ಲವೂ ಎಂಜಿನ್ ಎಣ್ಣೆ ನಾರುತ್ತಿದ್ದವು. ಮದುವೆಯಾದಂದಿನಿಂದ ಅವನ ದೋಣಿ ಓಡುವುದನ್ನು ನೋಡುತ್ತಾ ದಡದಲ್ಲಿ ಚಹಾ ಬಸಿದ ಮೇವಿಸ್‌ಗೆ ತಾನೂ ಒಂದು ದೋಣಿಯನ್ನು ರೇಸಿಗೆ ಬಿಡಬೇಕೆಂಬ ಆಸೆ ಬಹಳ ಕಾಲದಿಂದ ಇತ್ತು. ಆದರೆ ಪೆಟ್ರೋಲ್ ದೋಣಿಯ ಎಂಜಿನ್ನಿಗೆ ಹುರಿ ಸುತ್ತಿ, ಒಂದೇ ಏಟಿಗೆ ಜಗ್ಗಿ ಎಬ್ಬಿಸಬೇಕು. ಒಂದು ಚಳಿಗಾಲ ಹಿಮದಲ್ಲಿ ಜಾರಿ, ಹಾಲಿನ ಕ್ರೇಟು ಬಲಗೈ ಮೇಲೆ ಬಿದ್ದು, ಮಣಿಕಟ್ಟು ಮುರಿದು ಕೂಡಿಕೊಂಡ ಮೇಲೆ ಆ ಜಗ್ಗಾಟ ಅವಳ ಪಾಲಿಗೆ ಮುಗಿದಿತ್ತು. ಕ್ಲಬ್ಬಿನಲ್ಲಿ ಇದ್ದದ್ದು ಪೆಟ್ರೋಲ್ ರೇಸು ಮಾತ್ರ. ಅಂದರೆ ಮೇವಿಸ್ ಸಾಯುವ ತನಕ ಚಹಾ ಬಸಿಯಬೇಕು, ಅಷ್ಟೇ.

ಅಷ್ಟಕ್ಕೇ ಬಿಡುವ ಹೆಂಗಸಲ್ಲ ಅವಳು. ಗುಜರಿಗೆ ಬಿದ್ದ ಕಾರಿನ ವೈಪರ್ ಮೋಟಾರು, ಹಳೆಯ ಬೈಕಿನ ಬ್ಯಾಟರಿ, ಚಹಾಪೆಟ್ಟಿಗೆಯ ಪ್ಲೈವುಡ್ಡು ಇಷ್ಟನ್ನು ಕೂಡಿಹಾಕಿ ಅಡುಗೆಮನೆಯ ಮೇಜಿನ ಮೇಲೆ ಒಂದು ದೋಣಿ ಕಟ್ಟಿದಳು. ರೇಸಿನ ದೋಣಿಗಿರಬೇಕಾದ ಸಪೂರ ಮೈ ಅದಕ್ಕಿರಲಿಲ್ಲ. ಬಂದರಿನಲ್ಲಿ ದೊಡ್ಡ ಹಡಗುಗಳನ್ನು ನೂಕುವ ಜಗ್ಗುದೋಣಿಯ ಹಾಗೆ ಗುಜ್ಜಾಗಿ, ದಪ್ಪಗೆ ಇತ್ತು. ದಡಕ್ಕೆ ತಾಗಿದರೆ ಪೆಟ್ಟಾಗದಿರಲೆಂದು ಮೂತಿಗೆ ಹಳೆಯ ಹಗ್ಗದ ದಪ್ಪ ಸುರುಳಿ ಕಟ್ಟಿದ್ದಳು. ಅತಿ ಗಟ್ಟಿ ಕೆನೆಯ ಹಾಲಿನ ಬಾಟಲಿಗೆ ಚಿನ್ನದ ಬಣ್ಣದ ಮುಚ್ಚಳವಿರುತ್ತದಲ್ಲ, ಅದರ ಹೆಸರನ್ನೇ ಇಟ್ಟಳು: ಗೋಲ್ಡ್ ಟಾಪ್.

ಫೆಬ್ರುವರಿಯ ವಾರ್ಷಿಕ ಸಭೆಯಲ್ಲಿ ಮೇವಿಸ್ ಚಹಾದ ಪಾತ್ರೆ ಕೆಳಗಿಟ್ಟು, ಗೋಲ್ಡ್ ಟಾಪನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟು ಎದ್ದು ನಿಂತಳು. ಅಧ್ಯಕ್ಷ ಪೀಠದಲ್ಲಿ ಕ್ಲಿಫರ್ಡ್ ಹೇವರ್ಥ್. ಅವನಿಗೂ ಅವಳಿಗೂ ಶಾಲೆಯಲ್ಲಿ ಒಂದೇ ಬೆಂಚು. ಅವನ ದೋಣಿ 'ಥಂಡರರ್' ಹೊರಟರೆ ಆಚೆ ಬೀದಿಯ ಕಿಟಕಿ ಗಾಜು ನಡುಗುತ್ತಿತ್ತು. ಅದರ ಜೊತೆಗೆ, ಕೆರೆಯ ನಡುವೆ ಎಂಜಿನ್ ಸತ್ತು ನಿಂತ ದೋಣಿಗಳನ್ನು ಹುಟ್ಟು ಹಾಕಿಕೊಂಡು ಹೋಗಿ ತರುವ ನಾಡದೋಣಿಯ ಏಕೈಕ ನಾವಿಕನೂ ಅವನೇ. ಆ ಹುಟ್ಟುಗಳನ್ನು ಇನ್ನೊಬ್ಬರು ಮುಟ್ಟಿದರೆ ಅಪಚಾರ.

"ವಿದ್ಯುತ್ ದೋಣಿಗೂ ಒಂದು ರೇಸು ಇಡಿ ಅಂತ ಕೇಳ್ತಿದೀನಿ," ಎಂದಳು ಮೇವಿಸ್. "ಚಾಪೆಲ್ಲಿನ ಹೊತ್ತಲ್ಲಿ ಹೇಗೂ ನೀವೆಲ್ಲ ಕಂಬದ ಹಾಗೆ ನಿಂತಿರ್ತೀರ. ಆ ಹೊತ್ತು ನಮಗೆ ಕೊಡಿ. ಸದ್ದಿಲ್ಲ, ಹೊಗೆಯಿಲ್ಲ."

"ಅದೇ ಕಣಮ್ಮ ತೊಂದರೆ!" ಕ್ಲಿಫರ್ಡ್ ಮೇಜು ಕುಟ್ಟಿದ. "ಸದ್ದಿಲ್ಲ, ಹೊಗೆಯಿಲ್ಲ ಅಂದ್ರೆ ಅದು ದೋಣಿನಾ, ಸೋಪಿನ ಡಬ್ಬಿನಾ? ಮೊದಲು ಅದರ ಮೂತೀಲಿರೋದೇನು ಹೇಳು, ಮೀಸೇನಾ?"

"ಹೌದು. ನಿನಗೆ ಬರಲಿಲ್ಲವಲ್ಲ, ಅದಕ್ಕೆ ಬಿಟ್ಟೆ."

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬೋಳುಮುಖದ ಅಧ್ಯಕ್ಷ ಕೆಂಪಾದ. "ನಗಬೇಡ್ರೋ! ಇವತ್ತು ಬ್ಯಾಟರಿ ಅಂತಾರೆ, ನಾಳೆ ರಬ್ಬರ್ ಬಾತುಕೋಳಿ ತರ್ತಾರೆ. ಕೈ ಎತ್ತಿ ನೋಡೋಣ, ಯಾರ್ಯಾರು ಬೇಡ ಅನ್ನೋರು?"

ಪೆಟ್ರೋಲ್ ಪಂಗಡದ ಕೈಗಳು ಮೇಲೆದ್ದವು. ಅವುಗಳ ನಡುವೆ ಪರ್ಸಿಯ ಕೈಯೂ ಒಂದು. ಎತ್ತಿದ್ದು ಅರ್ಧ ಮಾತ್ರ, ಕಿವಿ ತುರಿಸಿಕೊಳ್ಳುತ್ತಿದ್ದೆ ಎಂದು ಆಮೇಲೆ ಸಾಧಿಸಬಹುದಾದಷ್ಟು.

"ಪರ್ಸಿ," ಎಂದಳು ಮೇವಿಸ್ ಜೇನಿನಂಥ ದನಿಯಲ್ಲಿ, "ಕಿವಿ ತುರಿಸ್ತಾ ಇದ್ಯೇನು?"

"ಹೂಂ ಕಣೇ. ಯಾಕೋ ಬೆಳಿಗ್ಗೆಯಿಂದ..."

"ತುರಿಸ್ಕೋ, ತುರಿಸ್ಕೋ. ಈ ವಾರ ಊಟಾನೂ ನೀನೇ ಮಾಡ್ಕೋ."

ಕೈ ಇಳಿಯಿತು. ಆ ಒಂದು ಕೈ ಇಳಿದದ್ದೇ ತಡ, ಎರಡು ಪಕ್ಷಗಳೂ ಸಮವಾದವು. ನಿರ್ಣಾಯಕ ಮತ ಅಧ್ಯಕ್ಷನದು. ಎದುರಿಗೆ ಚಹಾದ ಪಾತ್ರೆಯ ಮುಚ್ಚಳದ ಮೇಲೆ ಕೈಯಿಟ್ಟು ನಿಂತ ಮೇವಿಸ್‌ಳನ್ನು ಕಂಡು, ಬರಲಿರುವ ಭಾನುವಾರಗಳ ಚಳಿಯನ್ನು ನೆನೆದು, ಕ್ಲಿಫರ್ಡ್ ರಾಜತಾಂತ್ರಿಕನಾದ.

"ಒಂದು ಪರೀಕ್ಷೆ ಇಡೋಣ. ವಸಂತದ ಮೊದಲ ಭಾನುವಾರ, ಚಾಪೆಲ್ಲಿನ ಹೊತ್ತಲ್ಲೇ. ನಿಮ್ಮ ದೋಣಿಗಳು ಪೂರಾ ಓಟ ಮುಗಿಸ್ಬೇಕು. ದಡದಿಂದ ಒಬ್ಬ ಕೂಗಿದ್ರೂ, ಒಂದು ದೋಣಿ ನಡುವೆ ನಿಂತ್ರೂ, ಕಥೆ ಮುಗೀತು. ಗೆದ್ರೆ ನನ್ನ ಕೈಯಾರೆ ಕಾರ್ಯಕ್ರಮದ ಹಲಗೆ ಮೇಲೆ ಬರೀತೀನಿ."

ಶೆಡ್ಡಿನ ಹೊರಗೋಡೆಗೆ ತೂಗುಹಾಕಿದ ಆ ಹಲಗೆಯ ಮೇಲೆ ಒಂದು ಸಾಲು ಮೂಡಿಸಬೇಕಾದರೆ ಹಿಂದಿನವರು ಜೀವ ಸವೆಸಿದ್ದರು. ಮೇವಿಸ್ ಒಪ್ಪಿದಳು.

ಆ ಭಾನುವಾರ ಬಂತು. ಸಮರಕ್ಕೆ ಸಿದ್ಧರಾದವರು ಮೂವರು: ಮೇವಿಸ್, ಗಡಿಯಾರ ರಿಪೇರಿಯ ನಾರ್ಮನ್, ಐಸ್‌ಕ್ರೀಮ್ ಗಾಡಿಯ ಬ್ರೆಂಡಾ. ಕೈಯಲ್ಲಿ ದೋಣಿ ಆಡಿಸುವ ರೇಡಿಯೋ ಪೆಟ್ಟಿಗೆ, ಅದರ ಉದ್ದ ಕಡ್ಡಿಯ ತುದಿಗೆ ಬಣ್ಣದ ರಿಬ್ಬನ್ನು. ದಡದಲ್ಲಿ ನಾವೆಲ್ಲ ಪೆಟ್ರೋಲ್ ಸೈನಿಕರು ಶುಂಠಿ ಬೆರೆತ ಪಾರ್ಕಿನ್ ಕೇಕು ಮೆಲ್ಲುತ್ತಾ, ಸೋಲು ನೋಡಲು ಬಂದಿದ್ದೆವು. ಕ್ಲಿಫರ್ಡ್ ಕಟ್ಟೆಯ ಪಕ್ಕ ನಾಡದೋಣಿಯಲ್ಲಿ, ಕೆರೆಗೆ ಬೆನ್ನು ಮಾಡಿ, ಪೈಪಿಗೆ ಹೊಗೆಸೊಪ್ಪು ತುಂಬುತ್ತಾ ಕೂತಿದ್ದ.

ಆಚೆ ದಡದಲ್ಲಿ ಮೊದಲ ಸ್ತೋತ್ರ ಎದ್ದಿತು. ಪರ್ಸಿ ಕರವಸ್ತ್ರ ಬೀಸಿದ. ಮೂರೂ ದೋಣಿಗಳು ಹೊರಟವು.

ಏನು ಹೇಳಲಿ! ನೀರು ಸೀಳುವ ಸರಸರ ಬಿಟ್ಟರೆ ಏನೇನೂ ಇಲ್ಲ. ನಾರ್ಮನ್‌ನ ದೋಣಿ ಮೊದಲು, ಬ್ರೆಂಡಾಳದ್ದು ಎರಡನೆಯದು, ಗೋಲ್ಡ್ ಟಾಪ್ ಹಿಂದೆ ಹಿಂದೆ, ಬಸುರಿ ಹಸುವಿನ ಹಾಗೆ. ಬಾತುಕೋಳಿಗಳು ಕೂಡ ಜಾಗ ಬಿಟ್ಟು ಏಳಲಿಲ್ಲ. ಪೆಟ್ರೋಲಿನವರ ಬಾಯಿ ತೆರೆದುಕೊಂಡಿತು, ಕೇಕು ಕೈಯಲ್ಲೇ ಉಳಿಯಿತು. ಸುತ್ತಿನ ಮೇಲೆ ಸುತ್ತು. ರೇಸಿನ ದಾರಿ ಗುರುತಿಸುವ ತೇಲುಬುಂಡೆಗಳ ತಿರುವಿನಲ್ಲಿ ಉಳಿದೆರಡೂ ಅಗಲಕ್ಕೆ ಜಾರಿದರೆ ಗೋಲ್ಡ್ ಟಾಪ್ ಅಂಟಿಕೊಂಡು ತಿರುಗುತ್ತಿತ್ತು. ನೋಡುನೋಡುತ್ತಾ ಮುಂದೆ ಬಂತು.

ಅನಾಹುತವಾದದ್ದು ಇಲ್ಲಿ. ಕ್ಲಿಫರ್ಡ್ ದಶಕಗಳಿಂದ ರೇಸನ್ನು ನೋಡಿದವನಲ್ಲ, ಕೇಳಿದವನು. ಎಂಜಿನ್ನುಗಳು ಮೊರೆಯುವಷ್ಟು ಹೊತ್ತು ಕೂರುವುದು, ಸದ್ದು ನಿಂತ ಕ್ಷಣ ನೀರು ನಿರಪಾಯ ಎಂದು ಸತ್ತ ದೋಣಿಗಳನ್ನು ತರಲು ಹೊರಡುವುದು. ಅವನ ಕಿವಿಗೂ ಕೈಗಳಿಗೂ ನಡುವೆ ತಲೆಯ ಅಪ್ಪಣೆಯೇ ಬೇಕಿರಲಿಲ್ಲ. ಪೈಪು ಹೊತ್ತಿಸಿ, ಒಂದು ದಮ್ಮೆಳೆದು, ಸುತ್ತಲ ಮೌನವನ್ನು ಕೇಳಿಸಿಕೊಂಡು, ಹುಟ್ಟು ಹಿಡಿದು ಹೊರಟೇ ಬಿಟ್ಟ.

ಹುಟ್ಟು ಹಾಕುವವನ ಮುಖ ಬಿಟ್ಟು ಬಂದ ದಡದ ಕಡೆಗೇ ಇರುತ್ತದೆ. ನಾವು ದಡದಲ್ಲಿ ಕುಣಿಯತೊಡಗಿದೆವು. ಕೂಗುವಂತಿಲ್ಲ! ಒಂದು ಕೂಗು ಬಿದ್ದರೆ ಮೇವಿಸ್ ಸೋತಂತೆ. ಪರ್ಸಿಯಂತೂ ಎರಡೂ ಕೈಗಳನ್ನು ಗಾಳಿಗಿರಣಿಯಂತೆ ತಿರುಗಿಸುತ್ತಾ, ಸದ್ದಿಲ್ಲದೆ ಬಾಯಿ ಬಡಿದುಕೊಂಡ. ಇಷ್ಟು ಜನರ ಅಭಿಮಾನ ಕಂಡು ಕ್ಲಿಫರ್ಡ್‌ಗೆ ಸಂತೋಷವಾಯಿತು. ಒಂದು ಹುಟ್ಟು ಬಿಟ್ಟು, ಟೋಪಿ ಎತ್ತಿ, ನಮಗೆಲ್ಲ ಕೈ ಬೀಸಿದ.

ಅದೇ ಗಳಿಗೆಗೆ ಅವನು ಕೈಬಿಟ್ಟ ಹುಟ್ಟಿಗೆ ನಾರ್ಮನ್‌ನ ದೋಣಿ ಡಿಕ್ಕಿ ಹೊಡೆಯಿತು. ಹುಟ್ಟು ನೀರಿಗೆ ಜಾರಿತು. ಅದನ್ನು ಹಿಡಿಯಲು ಬಗ್ಗಿದವನ ಇನ್ನೊಂದು ಕೈಯಿಂದ ಎರಡನೆಯದೂ ಜಾರಿತು. ಪೈಪೂ ಬಿತ್ತು. ನಾಡದೋಣಿ ಗರಗರ ತಿರುಗಿ, ರೇಸಿನ ದಾರಿಗೆ ಅಡ್ಡಲಾಗಿ, ಕೆರೆಯ ಹೃದಯದಲ್ಲಿ ಸ್ಥಾಪಿತವಾಯಿತು. ಮುಂದಿನ ತೇಲುಬುಂಡೆ ಅದರ ಹೊಟ್ಟೆಯಡಿ ಅಡಗಿತು. ನಾರ್ಮನ್, ಬ್ರೆಂಡಾ ತಮ್ಮ ದೋಣಿಗಳನ್ನು ಈಚೆಗೇ ಸುತ್ತು ಹಾಕಿಸುತ್ತಾ ಮೇವಿಸ್‌ಳ ಮುಖ ನೋಡಿದರು. ದೋಣಿ ನಿಂತರೆ ಕಥೆ ಮುಗಿಯಿತು. ಸುತ್ತುತ್ತಲೇ ಇದ್ದರೆ ಬ್ಯಾಟರಿ ಮುಗಿಯಿತು.

"ಈಗೇನೇ ಮಾಡೋದು?" ಪರ್ಸಿ ಪಿಸುಗುಟ್ಟಿದ.

"ಹಾಲು ಹಾಕೋವಾಗ ಬೀದಿಗೆ ಅಡ್ಡ ಹಸು ಮಲಗಿದ್ರೆ ಏನ್ಮಾಡ್ತೀನಿ?"

"ಏನ್ಮಾಡ್ತೀಯ?"

"ಮೆತ್ತಗೆ ನೂಕ್ತೀನಿ."

ಗೋಲ್ಡ್ ಟಾಪ್ ದಾರಿ ಬಿಟ್ಟು ತಿರುಗಿತು. ಮೆಲ್ಲಗೆ ಹೋಗಿ, ಹಗ್ಗದ ಮೀಸೆಯನ್ನು ನಾಡದೋಣಿಯ ಹಿಂಬದಿಗೆ ಆನಿಸಿತು. ಮೇವಿಸ್ ಗುಡ್ಡದ ಬೀದಿ ಹತ್ತಿಸುವವಳಂತೆ ರೇಡಿಯೋ ಪೆಟ್ಟಿಗೆಯ ವೇಗದ ಹಿಡಿಯನ್ನು ಎಳ್ಳಷ್ಟೆಳ್ಳಷ್ಟೇ ಮುಂದೊತ್ತಿದಳು. ಮೊದಲು ಏನೂ ಆಗಲಿಲ್ಲ. ಆಮೇಲೆ ನೀರಿನಲ್ಲಿ ಸಣ್ಣ ನೊರೆ. ಆಮೇಲೆ ನಾಡದೋಣಿ ನಿದ್ದೆಯಿಂದ ಎದ್ದಂತೆ ಅಲುಗಿತು. ಗುಡ್ಡದ ಕಡೆಯಿಂದ ಬಂದ ಎಳೆಗಾಳಿಯೂ ಮೇವಿಸ್ ಪಕ್ಷಕ್ಕೇ ಮತ ಹಾಕಿತು. ಆಚೆ ದಡದಲ್ಲಿ ಎರಡನೆಯ ಸ್ತೋತ್ರ ಮುಗಿಲು ಮುಟ್ಟುತ್ತಿರಲು, ಬ್ರಿಗ್‌ಶಾ ದೋಣಿ ಕ್ಲಬ್ಬಿನ ಅಧ್ಯಕ್ಷ, ತೊಡೆಯ ಮೇಲೆ ಟೋಪಿ ಇಟ್ಟುಕೊಂಡು, ಪಟ್ಟಾಭಿಷೇಕಕ್ಕೆ ಹೊರಟ ಅರಸನ ಗಾಂಭೀರ್ಯದಿಂದ, ಒಂದು ಸೋಪಿನ ಡಬ್ಬಿಯಿಂದ ನೂಕಿಸಿಕೊಂಡು ದಡಕ್ಕೆ ಬಂದ.

ದಾರಿ ತೆರೆಯಿತು. ನಾರ್ಮನ್ ಮುಗಿಸಿದ, ಬ್ರೆಂಡಾ ಮುಗಿಸಿದಳು. ಮೇವಿಸ್‌ಗೆ ಇನ್ನೊಂದು ಸುತ್ತು ಉಳಿದಿತ್ತು, ಬ್ಯಾಟರಿಯಲ್ಲಿ ಮಾತ್ರ ಏನೂ ಉಳಿದಂತಿರಲಿಲ್ಲ. ಗೋಲ್ಡ್ ಟಾಪ್ ತೆವಳಿತು. ಮೇವಿಸ್ ತಿರುವಿನಲ್ಲಿ ಹಿಡಿ ಸಡಿಲಿಸಿ, ಗಾಳಿ ಹಿಂದಿನಿಂದ ಬಂದಾಗ ಪೂರಾ ಬಿಟ್ಟು, ಬ್ಯಾಟರಿಗೆ ಉಸಿರು ಕೊಟ್ಟಳು. ಒಂದು ಬಾತುಕೋಳಿ ಅದನ್ನು ಹಿಂದೆ ಹಾಕಿ ತಿರಸ್ಕಾರದಿಂದ ತಿರುಗಿ ನೋಡಿತು. ಮುಟ್ಟಬೇಕಾದ ಗೆರೆಯನ್ನು ಹಗ್ಗದ ಮೀಸೆ ಮೊದಲು ದಾಟಿತು, ಹಿಂದಿನಿಂದ ದೋಣಿಯ ಉಳಿದ ಮೈ.

ಆಚೆ ಚಾಪೆಲ್ಲಿನ ಬಾಗಿಲು ತೆರೆಯಿತು. ಅಷ್ಟು ಹೊತ್ತು ಗಂಟಲಲ್ಲಿ ತಡೆಹಿಡಿದಿದ್ದ ಕೂಗನ್ನು ನಾವೆಲ್ಲ ಒಟ್ಟಿಗೆ ಬಿಟ್ಟೆವು. ಭಕ್ತಾದಿಗಳು ಮೆಟ್ಟಿಲ ಮೇಲೆ ಬೆಚ್ಚಿ ನಿಂತರು.

ಕ್ಲಿಫರ್ಡ್ ಒದ್ದೆ ತೋಳು ಹಿಂಡುತ್ತಾ ಮೇವಿಸ್ ಮುಂದೆ ಬಂದು ನಿಂತ. "ನೀನು ಕೊನೇಲಿ ಬಂದೆ."

"ಹೌದಪ್ಪ. ದಾರೀಲಿ ಒಂದು ಸಾಮಾನು ತಲುಪಿಸೋದಿತ್ತು."

ಅವನ ತುಟಿ ಅದುರಿತು. ಸಿಟ್ಟೋ ಎಂದುಕೊಂಡೆವು, ನಗು. "ಮೀಸೆ ಗಟ್ಟಿ ಇದೆ ಕಣೇ," ಎಂದ. "ಬ್ರಶ್ ಎಲ್ಲಿದೆಯೋ, ಪರ್ಸಿ?"

ಹಲಗೆಯ ಮೇಲೆ ಈಗ ಎಲ್ಲಕ್ಕಿಂತ ಮೇಲಿನ ಸಾಲು ವಿದ್ಯುತ್ ದೋಣಿಯದು, ಚಾಪೆಲ್ಲಿನ ಹೊತ್ತಿಗೆ. ನಾಡದೋಣಿಗೆ ಒಂದು ಕೆಂಪು ಬಾವುಟ ಬಂದಿದೆ. ರೇಸು ಮುಗಿದು ಪರ್ಸಿ ಅದನ್ನು ಎತ್ತುವ ತನಕ ಅಧ್ಯಕ್ಷರು ಹುಟ್ಟು ಮುಟ್ಟುವಂತಿಲ್ಲ. ಎರಡನೆಯ ವರ್ಷಕ್ಕೇ ಶೆಡ್ಡಿನ ಹಿಂದೆ ಯಾರ ಕಣ್ಣಿಗೂ ಬೀಳದಂತೆ ಬ್ಯಾಟರಿಗೆ ತಂತಿ ಸುತ್ತುತ್ತಾ ಸಿಕ್ಕಿಬಿದ್ದ ಪೆಟ್ರೋಲ್ ವೀರರ ಹೆಸರುಗಳನ್ನು ಇಲ್ಲಿ ಹೇಳುವುದಿಲ್ಲ; ಅವರಿಗೂ ಮಾನವಿದೆ.

ಒಂದು ಪ್ರಶ್ನೆ ಮಾತ್ರ ಯಾರೂ ಮೊದಲೇ ಯೋಚಿಸಿರಲಿಲ್ಲ. ಮೇವಿಸ್ ರೇಸಿನಲ್ಲಿದ್ದರೆ ಚಹಾ ಮಾಡುವವರು ಯಾರು? ಆ ಹೊತ್ತಿಗೆ ಬೇರೆ ಕೆಲಸವಿಲ್ಲದವನು ಒಬ್ಬನೇ: ಬಾವುಟ ಕಾಯುತ್ತಾ ಕೂತ ಕ್ಲಿಫರ್ಡ್. ಭಾನುವಾರ ಬೆಳಿಗ್ಗೆ ಮೇವಿಸ್ ಕೆರೆಯ ದಡದಲ್ಲಿ, ಮಡಿಸುವ ಕುರ್ಚಿಯ ಮೇಲೆ, ತೊಡೆಯ ಮೇಲೆ ರೇಡಿಯೋ ಪೆಟ್ಟಿಗೆ ಇಟ್ಟುಕೊಂಡು ಕೂತಿರುತ್ತಾಳೆ. ಗೋಲ್ಡ್ ಟಾಪ್ ಕೊನೆಯಲ್ಲಿ ಬರುತ್ತಿರುತ್ತದೆ. ಅದು ಗೆದ್ದದ್ದನ್ನು ಈವರೆಗೆ ಯಾರೂ ಕಂಡಿಲ್ಲ, ಅವಳಿಗೆ ಅದರ ಚಿಂತೆಯೂ ಇಲ್ಲ. ಅಧ್ಯಕ್ಷರು ಲೋಟ ತಂದು ಕೈಗಿಡುತ್ತಾರೆ. ಅವಳು ಒಂದು ಗುಟುಕು ಹೀರಿ, ಕಣ್ಣು ದೋಣಿಯ ಮೇಲಿಂದ ತೆಗೆಯದೆ ಹೇಳುತ್ತಾಳೆ:

"ಕ್ಲಿಫರ್ಡ್, ಕೆರೆ ನೀರು ಇದಕ್ಕಿಂತ ಗಟ್ಟಿ ಇದೆ ಕಣಯ್ಯ."

"ಶ್ಶ್," ಎನ್ನುತ್ತಾನೆ ಕ್ಲಿಫರ್ಡ್. "ಚಾಪೆಲ್ಲಿನ ಹೊತ್ತು."